ಓಣಿಯ ಟ್ರಸ್ಟಿನ ತಾಳೇಬಂದ ಓದುವುದು ಹೇಗೆ?

ಅಕ್ಕಲಕೋಟೆ: ಶ್ರಾವಣ ಬಂತೆಂದರೆ ಗಡಿಭಾಗದ ಹಳ್ಳಿಗಳಲ್ಲಿ ಪಾವತಿ ಪುಸ್ತಕ ಹಿಡಿದವರು ಮನೆಮನೆಗೆ ಬರುತ್ತಾರೆ. ಒಬ್ಬರು ಅನ್ನದಾಸೋಹಕ್ಕೆ ಕೇಳುತ್ತಾರೆ, ಇನ್ನೊಬ್ಬರು ಬಡ ಮಕ್ಕಳ ವಹಿ-ಪುಸ್ತಕಕ್ಕೆ, ಮತ್ತೊಬ್ಬರು ಓಣಿಯ ವಾಚನಾಲಯಕ್ಕೆ. ಯಾರೂ ಬರಿಗೈಲಿ ಕಳಿಸುವುದಿಲ್ಲ. ರೊಕ್ಕ ಇಲ್ಲದವರು ಜೋಳ ಅಳೆದು ಕೊಡುತ್ತಾರೆ. ಆದರೆ ಹೋದ ವರ್ಷದ ಲೆಕ್ಕ ಏನಾಯಿತು ಎಂದು ಕೇಳುವವರು ಕಡಿಮೆ. ಖಜಾಂಚಿ ಸೋದರಮಾವನೇ ಆಗಿರುತ್ತಾನೆ, ಅಧ್ಯಕ್ಷರು ಊರ ಹಿರಿಯರು. ಲೆಕ್ಕ ಕೇಳಿದರೆ ಕಳ್ಳತನ ಹೊರಿಸಿದಂತೆ ಎಂಬ ಸಂಕೋಚ ಬಾಯಿ ಕಟ್ಟುತ್ತದೆ.

ಕೇಳಿದವರಿಗೂ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮರಾಠಿ. ಆಡಿಟ್ ವರದಿ ಬಂದರೆ ಅದು ಮರಾಠಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಎರಡು ಹಾಳೆ ತಿರುವಿ, ಕೆಳಗೆ ಸಿಎ ಅವರ ಸಿಕ್ಕಾ ಇದ್ದರೆ ಸಾಕು ಎಂದು ಮಡಚಿಡುವುದೇ ವಾಡಿಕೆ. ಆದರೆ ಆ ವರದಿಗೆ ಅಂಟಿಕೊಂಡ ಒಂದು ಹಾಳೆಯಲ್ಲಿರುವ ಪ್ರಶ್ನೆಗಳಿಗೆ ಆಡಿಟರ್‌ಗಿಂತ ಓಣಿಯವರೇ ಹೆಚ್ಚು ಸರಿಯಾಗಿ ಉತ್ತರಿಸಬಲ್ಲರು. ಆಡಿಟರ್ ನೋಡುವುದು ಕಾಗದವನ್ನು. ಊಟ ನಿಜವಾಗಿ ಬಡಿಸಿದರೋ ಇಲ್ಲವೋ ಎಂಬುದು ಗೊತ್ತಿರುವುದು ಪಂಕ್ತಿಯಲ್ಲಿ ಕೂತವರಿಗೆ.

ಯಾವ ಕಾಯ್ದೆ, ಯಾವ ಕಚೇರಿ

ಮಹಾರಾಷ್ಟ್ರದಲ್ಲಿ ಧಾರ್ಮಿಕ ಹಾಗೂ ಧರ್ಮಾರ್ಥ ಸಂಸ್ಥೆಗಳಿಗೆ 1950ರ ಸಾರ್ವಜನಿಕ ವಿಶ್ವಸ್ತ ವ್ಯವಸ್ಥಾ ಅಧಿನಿಯಮ ಅನ್ವಯಿಸುತ್ತದೆ. ಹಿಂದೆ ಇದಕ್ಕೆ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಎಂಬ ಹೆಸರಿತ್ತು. ಹಳೆಯ ಪಾವತಿಗಳ ಮೇಲೆ ಇಂದಿಗೂ ಆ ಹೆಸರೇ ಕಾಣುತ್ತದೆ. ನೋಡಿಕೊಳ್ಳುವುದು ಧರ್ಮಾದಾಯ ಆಯುಕ್ತರ ಇಲಾಖೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಮಂಗಳವೇಢೆ ಕಡೆಯವರಿಗೆ ಸೋಲಾಪುರದ ಕಚೇರಿ, ಜತ್ತ ತಾಲೂಕಿನವರಿಗೆ ಸಾಂಗಲಿ. ಗಡಿ ದಾಟಿ ಆಳಂದ, ಇಂಡಿ ಕಡೆ ಹೋದರೆ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಬರುತ್ತವೆ, ಕಾಗದಪತ್ರದ ರೀತಿಯೇ ಬೇರೆ. ಆಚೆಯ ಬೀಗರು ಹೇಳಿದ ನಿಯಮವನ್ನು ಈಚೆಯ ಟ್ರಸ್ಟಿಗೆ ಹಚ್ಚಬಾರದು.

ಪಾವತಿಯ ತಲೆಯ ಮೇಲೆ ಮೊದಲು ನೋಂದಣಿ ಸಂಖ್ಯೆ ನೋಡಿ. ಸಂಘವೆಂದು 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾಗಿ, ಜೊತೆಗೆ ಟ್ರಸ್ಟ್ ಎಂದೂ ದಾಖಲಾದ ಸಂಸ್ಥೆಗಳಿಗೆ 'ಎಫ್' ಅಕ್ಷರದ ಸಂಖ್ಯೆ ಇರುತ್ತದೆ. ಆ ಸಂಖ್ಯೆ, ಜಿಲ್ಲೆಯ ಹೆಸರು ಕೈಯಲ್ಲಿದ್ದರೆ ಮುಂದಿನ ಕೆಲಸವೆಲ್ಲ ಸಲೀಸು. ಸಂಖ್ಯೆಯೇ ಇಲ್ಲದೆ ಹಬ್ಬಕ್ಕಷ್ಟೇ ಹುಟ್ಟುವ ಗಣೇಶ ಮಂಡಳಿಗಳು ವರ್ಗಣಿ ಎತ್ತಬೇಕಾದರೆ ಸೆಕ್ಷನ್ 41ಸಿ ಪ್ರಕಾರ ಧರ್ಮಾದಾಯ ಕಚೇರಿಯ ಪರವಾನಗಿ ಪಡೆಯಬೇಕು. ಹಬ್ಬ ಮುಗಿದ ಮೇಲೆ ಲೆಕ್ಕವನ್ನೂ ಒಪ್ಪಿಸಬೇಕು.

ಶಿಲ್ಕು ಕೂಡಿಸಿ ನೋಡಿ

ಟ್ರಸ್ಟುಗಳ ಲೆಕ್ಕ ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಚ್ಚುತ್ತದೆ. ಅಲ್ಲಿಂದ ಆರು ತಿಂಗಳೊಳಗೆ ಆಡಿಟ್ ಆಗಬೇಕು. ಅಂದರೆ ದಸರೆಯ ಹೊತ್ತಿಗೆ ಹಿಂದಿನ ವರ್ಷದ ವರದಿ ಸಿದ್ಧವಿರಬೇಕು. ಅದರಲ್ಲಿ ಮುಖ್ಯವಾಗಿ ಎರಡು ಪತ್ರಕ. 'ಉತ್ಪನ್ನ ವ ಖರ್ಚ ಪತ್ರಕ' ಎಂದರೆ ವರ್ಷದ ಆದಾಯ-ಖರ್ಚು. 'ತಾಳೇಬಂದ' ಎಂದರೆ ಆ ದಿನ ಸಂಸ್ಥೆಯ ಬಳಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಬರಬೇಕು ಎಂಬ ಚಿತ್ರ. 'ಆರಂಭೀ ಶಿಲ್ಲಕ' ವರ್ಷದ ಮೊದಲ ದಿನದ ಶಿಲ್ಕು, 'ಅಖೇರ ಶಿಲ್ಲಕ' ಕೊನೆಯ ದಿನದ್ದು. 'ಯೇಣೆ' ಬರಬೇಕಾದ್ದು, 'ದೇಣೆ' ಕೊಡಬೇಕಾದ್ದು, 'ಠೇವ' ಬ್ಯಾಂಕಿನ ಠೇವಣಿ. ಕಿರ್ದಿ, ಖತಾವಣಿ ಬರೆದು ಬಲ್ಲ ಹಳೆಯ ಅಂಗಡಿಕಾರರಿಗೆ ಇದು ಹೊಸದೇನಲ್ಲ.

ಒಂದು ಸಣ್ಣ ದಾಸೋಹ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ವರ್ಷದ ಮೊದಲಲ್ಲಿ ಕೈಯಲ್ಲೂ ಬ್ಯಾಂಕಿನಲ್ಲೂ ಸೇರಿ 22,000 ರೂ. ಪಾವತಿಗಳಿಂದ ಬಂದದ್ದು 1,40,000. ಜಾತ್ರೆಯ ಸವಾಲಿನಿಂದ 25,000. ಬ್ಯಾಂಕಿನ ಬಡ್ಡಿ 12,000. ಒಟ್ಟು ಜಮಾ 1,77,000. ಖರ್ಚಿನ ಕಡೆ ಕಿರಾಣಿ 78,000, ಮಕ್ಕಳ ವಹಿ-ಪುಸ್ತಕ 40,000, ಶಾಮಿಯಾನ-ಪಾತ್ರೆ ಬಾಡಿಗೆ 30,000, ಓಡಾಟ-ಫೋನು 6,000, ಆಡಿಟ್ ಫೀ 5,000, ಒಟ್ಟು 1,59,000. ಹಾಗಾದರೆ ಕೊನೆಯ ಶಿಲ್ಕು 40,000 ಇರಬೇಕು. ತಾಳೇಬಂದದಲ್ಲಿ 40,000 ಇದೆ, ಲೆಕ್ಕ ಕೂಡಿತು.

ಆದರೆ ಅದೇ ತಾಳೇಬಂದವನ್ನು ಇನ್ನೊಮ್ಮೆ ನೋಡಿ. ಪಾಸ್‌ಬುಕ್ಕಿನಲ್ಲಿ 9,000, 'ರೋಖ ಶಿಲ್ಲಕ' ಅಂದರೆ ಖಜಾಂಚಿಯ ಕೈಯಲ್ಲಿ 31,000 ಎಂದಿದೆ ಎನ್ನಿ. ಜಾತ್ರೆ ಮುಗಿದು ತಿಂಗಳುಗಳಾದ ಮೇಲೆ, ಮಾರ್ಚ್ 31ರ ದಿನ ಮನೆಯ ಪೆಟ್ಟಿಗೆಯಲ್ಲಿ ಇಷ್ಟು ನಗದು ಏಕೆ ಇರಬೇಕು? ಖಜಾಂಚಿ ಪ್ರಾಮಾಣಿಕರೇ ಇರಬಹುದು, ಬ್ಯಾಂಕು ದೂರವಿರಬಹುದು. ಆದರೂ ಎಷ್ಟೋ ಕಡೆ ಆ ಹಣ ಕಾಗದದ ಮೇಲಷ್ಟೇ ಇದ್ದು, ಮನೆಯಲ್ಲಿ ಬಿತ್ತನೆಗೋ ಮದುವೆಗೋ ಖರ್ಚಾಗಿ ಹೋಗಿರುತ್ತದೆ. ಮುಂದಿನ ಶ್ರಾವಣಕ್ಕೆ ತುಂಬಿಕೊಟ್ಟರಾಯಿತು ಎಂಬ ಲೆಕ್ಕ. ಮಳೆ ಕೈಕೊಟ್ಟ ವರ್ಷ ಅದು ತುಂಬುವುದಿಲ್ಲ.

ಬಡ್ಡಿಯ ಸಾಲನ್ನೂ ಬಿಡಬೇಡಿ. ನೂರಕ್ಕೆ ಆರು-ಏಳರ ದರದಲ್ಲಿ 12,000 ಬಡ್ಡಿ ಬರಬೇಕಾದರೆ ಎಲ್ಲೋ 1,70,000ದಿಂದ 2,00,000ದವರೆಗೆ ಠೇವಣಿ ಇರಬೇಕು. ತಾಳೇಬಂದದಲ್ಲಿ ಆ ಠೇವಣಿ ಕಾಣದಿದ್ದರೆ ಬಡ್ಡಿ ಬಂದದ್ದೆಲ್ಲಿಂದ? ಉತ್ತರ ಹಲವು ಊರುಗಳಲ್ಲಿ ಒಂದೇ: ಸಂಸ್ಥೆಯ ಗಂಟನ್ನು ಓಣಿಯವರಿಗೇ ತಿಂಗಳ ಬಡ್ಡಿಗೆ ಬಿಟ್ಟಿರುತ್ತಾರೆ. ಭಿಶಿಯ ಹಾಗೆ ಇದೂ ಊರಿಗೆ ರೂಢಿಯಾಗಿ ಬಂದದ್ದು, ಹಣ ಬೆಳೆಯಲಿ ಎಂಬ ಒಳ್ಳೆಯ ಮನಸ್ಸೇ ಹಿಂದೆ ಇರುತ್ತದೆ. ಆದರೆ ಸೆಕ್ಷನ್ 35ರ ಪ್ರಕಾರ ತಕ್ಷಣ ಬೇಡವಾದ ಹಣ ಬ್ಯಾಂಕು, ಅಂಚೆ ಕಚೇರಿಯಂಥ ಕಾಯ್ದೆ ಒಪ್ಪಿದ ಜಾಗದಲ್ಲಿರಬೇಕು. ಕೈಗಡವಾಗಿ ಬಡ್ಡಿಗೆ ಬಿಡಲು ಅವಕಾಶವಿಲ್ಲ. ಪತಸಂಸ್ಥೆಯಲ್ಲಿ ಇಟ್ಟಿದ್ದೇವೆ ಎನ್ನುವವರಿಗೂ ಒಂದು ಮಾತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂ. ತನಕ ವಿಮೆಯ ರಕ್ಷಣೆ 2020ರಿಂದ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತಸಂಸ್ಥೆ ಬ್ಯಾಂಕಲ್ಲ, ಅದಕ್ಕೆ ಈ ವಿಮೆ ಇಲ್ಲ.

ಆಡಳಿತ ಖರ್ಚು ಕಡಿಮೆ ಇದ್ದರೆ ಸಂಸ್ಥೆ ಒಳ್ಳೆಯದು ಎಂಬ ಮಾತು ಪೇಟೆಯಿಂದ ಈಗ ಹಳ್ಳಿಗೂ ಬಂದಿದೆ. ಓಣಿಯ ಸಂಸ್ಥೆಗೆ ಈ ಅಳತೆ ಅಷ್ಟಾಗಿ ಒದಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಓಡಾಟ, ಆಡಿಟ್ ಸೇರಿ 11,000, ಖರ್ಚಿನಲ್ಲಿ ನೂರಕ್ಕೆ ಏಳರಷ್ಟು. ಆಡಿಟ್ ಮಾಡಿಸದೆ 5,000 ಉಳಿಸಿದ ಸಂಸ್ಥೆಯನ್ನು ಹೊಗಳುವುದು ಬೀಗ ಕೊಳ್ಳದೆ ರೊಕ್ಕ ಉಳಿಸಿದವನನ್ನು ಹೊಗಳಿದ ಹಾಗೆ.

ಪಾವತಿ, ಸವಾಲು, ಜೋಳದ ಚೀಲ

ಪತ್ರಕದಲ್ಲಿ ಜಮಾ 1,40,000 ಎಂದು ಬರೆದಿದ್ದಾರೆ. ಬಂದದ್ದು ಅಷ್ಟೇ ಎಂದು ತಿಳಿಯುವುದು ಹೇಗೆ? ಆಡಿಟರ್ ತನಗೆ ಕೊಟ್ಟ ಪಾವತಿ ಪುಸ್ತಕಗಳನ್ನು ಕೂಡಿಸುತ್ತಾರೆ, ಕೊಡದ ಪುಸ್ತಕ ಅವರಿಗೆ ಗೊತ್ತಾಗದೆಯೂ ಇರಬಹುದು. ಪ್ರೆಸ್ಸಿನ ಬಿಲ್ಲು ಇಲ್ಲಿ ಒಳ್ಳೆಯ ಸಾಕ್ಷಿ. ಹತ್ತು ಪುಸ್ತಕ ಅಚ್ಚಾಗಿ ಒಂಬತ್ತು ಮಾತ್ರ ಮರಳಿದ್ದರೆ ಹತ್ತನೆಯದು ಯಾರ ಬಳಿ ಇದೆ ಎಂದು ಕೇಳಬೇಕು. ಪಾವತಿಗೆ ಮೊದಲೇ ಅಚ್ಚಾದ ಕ್ರಮಸಂಖ್ಯೆ ಇರಬೇಕು. ಪೆನ್ನಿನಲ್ಲಿ ಸಂಖ್ಯೆ ಬರೆದ ಪಾವತಿಯನ್ನು ನಂಬಬಾರದು.

ಈಗ ಫೋನಿನಲ್ಲೇ ಹಣ ಹಾಕುವವರು ಹೆಚ್ಚು. ಗುಡಿಯ ಕಂಬಕ್ಕೆ ಕ್ಯೂಆರ್ ಕೋಡ್ ಹಚ್ಚಿರುತ್ತಾರೆ. ಸ್ಕ್ಯಾನ್ ಮಾಡಿದ ಕೂಡಲೇ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ. ಅದು ಸಂಸ್ಥೆಯ ಹೆಸರಾಗಿರಬೇಕು. ಕಾರ್ಯದರ್ಶಿಯ ಮಗನ ಹೆಸರು ಬಂದರೆ ಕೈ ಅಲ್ಲಿಯೇ ನಿಲ್ಲಿಸಿ. ಆತ ಒಳ್ಳೆಯ ಹುಡುಗನೇ ಇರಬಹುದು, ಆದರೆ ಆ ಹಣ ಆಡಿಟರ್ ನೋಡುವ ಪಾಸ್‌ಬುಕ್ಕಿಗೆ ತಾನಾಗಿ ಬಂದು ಸೇರುವುದಿಲ್ಲ.

ಸವಾಲಿನದು ಬೇರೆಯೇ ಕಥೆ. ಜಾತ್ರೆಯ ಕೊನೆಯ ದಿನ ತೆಂಗಿನಕಾಯಿ, ಹಾರ, ಕಳಸದ ಸೀರೆ ಸವಾಲಿಗೆ ಬರುತ್ತವೆ. ಧ್ವನಿವರ್ಧಕದ ಮುಂದೆ 60,000ದ ತನಕ ಕೂಗಾಗುತ್ತದೆ. ರೊಕ್ಕ ಅಂದೇ ಬರುವುದಿಲ್ಲ, 'ಸುಗ್ಗಿಯಾದ ಮೇಲೆ' ಎನ್ನುತ್ತಾರೆ. 25,000 ಬಂದು 35,000 ಉಳಿದರೆ ಆ ಬಾಕಿ 'ಯೇಣೆ' ಎಂದು ಹೆಸರಿನ ಸಮೇತ ತಾಳೇಬಂದದಲ್ಲಿರಬೇಕು. ಎಷ್ಟೋ ಕಡೆ ಅದು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದು, ಎರಡು ವರ್ಷಕ್ಕೆ ಮರೆತೇ ಹೋಗುತ್ತದೆ. ಬಾಕಿ ಉಳಿಸಿಕೊಂಡವನೇ ಮುಂದಿನ ಜಾತ್ರೆಯಲ್ಲಿ ಮತ್ತೆ ಎಲ್ಲರಿಗಿಂತ ದೊಡ್ಡ ಧ್ವನಿಯಲ್ಲಿ ಕೂಗುವುದನ್ನು ಊರು ನೋಡಿ ಸುಮ್ಮನಿರುತ್ತದೆ.

ಧಾನ್ಯದ ಲೆಕ್ಕವಂತೂ ಪತ್ರಕಕ್ಕೆ ಬರುವುದೇ ಅಪರೂಪ. ಜೋಳ, ತೊಗರಿಬೇಳೆ, ಬೆಲ್ಲ, ಎಣ್ಣೆಯ ಡಬ್ಬಿ ಎಲ್ಲ ಗುಡಿಯ ಕೋಣೆಗೆ ಸೇರುತ್ತವೆ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ಒಂದು ವಹಿ ಸಾಕು. ಯಾವ ದಿನ, ಯಾರು, ಎಷ್ಟು ಕೊಟ್ಟರು, ಅಡುಗೆಗೆ ಎಷ್ಟು ತೆಗೆದರು, ಉಳಿದದ್ದೆಷ್ಟು. ಉಳಿದ ಜೋಳವನ್ನು ದುಧನಿಯ ಅಡತಿಯಲ್ಲಿ ಮಾರಿದ್ದರೆ ಅಡತಿಯ ಪಟ್ಟಿ ಇರಬೇಕು, ಆ ಮೊತ್ತ ಜಮಾ ಕಡೆ ಕಾಣಬೇಕು. ಅಡುಗೆಯವರು ಸಾಮಾನ್ಯವಾಗಿ ಕಿಲೋ ಅಕ್ಕಿಗೆ ಎಂಟು-ಹತ್ತು ಮಂದಿ ಎಂದು ಲೆಕ್ಕ ಹಿಡಿಯುತ್ತಾರೆ. ಐನೂರು ಮಂದಿ ಉಂಡ ದಾಸೋಹಕ್ಕೆ 50-60 ಕಿಲೋ ಅಕ್ಕಿ ಸರಿ. ದಾನವಾಗಿ ಬಂದ ಅಕ್ಕಿಯೇ ಅಷ್ಟಿದ್ದು, ಕಿರಾಣಿ ಬಿಲ್ಲಿನಲ್ಲಿ ಮತ್ತೆ ಎರಡು ಕ್ವಿಂಟಲ್ ಅಕ್ಕಿ ಇದ್ದರೆ ಅದನ್ನು ಗುರುತಿಸುವವರು ಅಡುಗೆ ಮಾಡಿದ ಹೆಣ್ಣುಮಕ್ಕಳು. ಲೆಕ್ಕದ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ.

ತೆರಿಗೆ ರಿಯಾಯಿತಿಯ ವಿಷಯ ಚಿಕ್ಕದು. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಅದು ಸಿಗುತ್ತದೆ, 2,000 ರೂ. ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ. 80ಜಿ ಎಂದೇ ಎಲ್ಲರಿಗೂ ಪರಿಚಯವಿದ್ದ ಸೆಕ್ಷನ್‌ನ ಸಂಖ್ಯೆ 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಹೊಸ ಕಾಯ್ದೆಯಲ್ಲಿ ಬದಲಾಗಿದೆ. ಓಣಿಯ ಸಣ್ಣ ಸಂಸ್ಥೆಗೆ ಈ ನೋಂದಣಿ ಇಲ್ಲದಿದ್ದರೆ ಅದೇನೂ ಕೊರತೆಯಲ್ಲ. ಇಲ್ಲದೆಯೂ ಪಾವತಿಯ ಮೇಲೆ 80ಜಿ ಎಂದು ಅಚ್ಚು ಹಾಕಿದ್ದರೆ ಅದು ತಪ್ಪು.

ಹೌದು-ಅಲ್ಲ ಎಂಬ ಆ ಹಾಳೆ

1951ರ ಟ್ರಸ್ಟ್ ನಿಯಮಗಳಲ್ಲಿ 19ನೆಯದು ಆಡಿಟರ್ ಏನೇನು ವರದಿ ಮಾಡಬೇಕು ಎಂದು ಹೇಳುತ್ತದೆ. ಅದರಂತೆ ವರದಿಯ ಜೊತೆ ಒಂದು ಪ್ರಶ್ನೆಗಳ ಹಾಳೆ ಇರುತ್ತದೆ, ಎದುರಿಗೆ 'ಹೌದು', 'ಇಲ್ಲ' ಎಂದು ಚುಟುಕಾದ ಉತ್ತರ. ಅಂಕಿಗಳಿಗಿಂತ ಮೊದಲು ಓದಬೇಕಾದದ್ದು ಇದನ್ನು. ಆಡಿಟ್ ದಿನ ನಗದು ಮತ್ತು ವೌಚರುಗಳು ಲೆಕ್ಕಕ್ಕೆ ತಾಳೆಯಾದವೇ? ಹಣ ಟ್ರಸ್ಟಿನ ಉದ್ದೇಶ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದೆಯೇ? ಒಂದು ವರ್ಷ ಮೀರಿದ ಬಾಕಿ ಎಷ್ಟು, ಬಿಟ್ಟುಬಿಟ್ಟದ್ದೆಷ್ಟು? ಸಭೆಗಳು ಘಟನೆಯಂತೆ ನಡೆದಿವೆಯೇ, ಇತಿವೃತ್ತದ ಪುಸ್ತಕ ಇದೆಯೇ? ವಿಶ್ವಸ್ತರಲ್ಲಿ ಯಾರಾದರೂ ಟ್ರಸ್ಟಿಗೆ ಸಾಲಗಾರರೋ, ಟ್ರಸ್ಟಿಗೆ ಸಾಲ ಕೊಟ್ಟವರೋ? ಹೋದ ವರ್ಷ ಆಡಿಟರ್ ತೋರಿಸಿದ ತಪ್ಪುಗಳನ್ನು ತಿದ್ದಲಾಗಿದೆಯೇ? (ಮರಾಠಿಯಲ್ಲಿ 'ಘಟನಾ' ಎಂದರೆ ಸಂಸ್ಥೆಯ ನಿಯಮಾವಳಿ. ಕನ್ನಡದ ಘಟನೆ ಎಂದುಕೊಂಡರೆ ಅರ್ಥ ಕೆಡುತ್ತದೆ.)

ಇದರಲ್ಲಿ 5,000 ರೂ. ಮೀರಿದ ದುರಸ್ತಿ-ಕಟ್ಟಡ ಕೆಲಸಕ್ಕೆ ಟೆಂಡರ್ ಕರೆಯಲಾಗಿತ್ತೇ ಎಂಬ ಪ್ರಶ್ನೆಯೂ ಇದೆ. ಅಷ್ಟು ಹಣದಲ್ಲಿ ಇಂದು ಸಭಾಮಂಟಪಕ್ಕೆ ಸುಣ್ಣವೂ ಆಗದು. ಆದ್ದರಿಂದ ಇಲ್ಲಿ 'ಇಲ್ಲ' ಎಂದಿದ್ದರೆ ಗಾಬರಿ ಬೇಡ. ಆದರೆ ಎರಡು ಲಕ್ಷದ ಶೆಡ್ಡನ್ನು ಅಧ್ಯಕ್ಷರ ಅಳಿಯನೇ ಕಟ್ಟಿದ್ದು, ಬೇರೆ ಒಂದು ದರಪಟ್ಟಿಯೂ ಫೈಲಿನಲ್ಲಿ ಇಲ್ಲದಿದ್ದರೆ ಕೇಳುವುದು ನ್ಯಾಯ.

ಹಾಳೆಯ ಎಲ್ಲ ಉತ್ತರವೂ ಚೊಕ್ಕವಾಗಿದ್ದು, ಮೂರು ವರ್ಷದ ವರದಿಯಲ್ಲಿ ಒಂದಕ್ಷರವೂ ಬದಲಾಗಿರದಿದ್ದರೆ ಅನುಮಾನಕ್ಕೆ ಎಡೆ ಇದೆ. ಸಭೆ ನಿಯಮಿತವಾಗಿ ನಡೆದಿದೆ ಎಂದು ಬರೆದಿದ್ದಾರೆ. ಓಣಿಯಲ್ಲಿ ಆ ವರ್ಷ ಯಾರಾದರೂ ಸಭೆ ನೋಡಿದ್ದಾರೆಯೇ?

ತೀರಿಹೋದವರ ಹೆಸರಿನಲ್ಲಿ ಟ್ರಸ್ಟ್

ಸಣ್ಣ ಸಂಸ್ಥೆಗಳನ್ನು ಮುಳುಗಿಸುವುದು ಕಳ್ಳತನಕ್ಕಿಂತ ಹೆಚ್ಚಾಗಿ ದಾಖಲೆಯ ಅಲಕ್ಷ್ಯ. ಪ್ರತಿ ಟ್ರಸ್ಟಿಗೂ ಧರ್ಮಾದಾಯ ಕಚೇರಿಯಲ್ಲಿ ಶೆಡ್ಯೂಲ್-1 ಎಂಬ ನೋಂದಣಿ ಪುಟ ಇರುತ್ತದೆ, ಮರಾಠಿಯಲ್ಲಿ 'ಪರಿಶಿಷ್ಟ 1'. ವಿಶ್ವಸ್ತರ ಹೆಸರು, ಆಸ್ತಿಯ ವಿವರ ಅದರಲ್ಲಿರುತ್ತವೆ. ವಿಶ್ವಸ್ತರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಹೊಸಬರು ಬಂದರೆ, ಆಸ್ತಿ ಕೊಂಡರೆ ಸೆಕ್ಷನ್ 22ರ ಪ್ರಕಾರ 90 ದಿನದೊಳಗೆ 'ಬದಲ ಅರ್ಜ' ಹಾಕಬೇಕು. ಓಣಿಯಲ್ಲಿ ಮಾಡುವುದು ಬೇರೆ. ಹಿರಿಯರು ತೀರಿದರೆ ಹದಿಮೂರನೆಯ ದಿನ ಮಗನಿಗೆ ರುಮಾಲು ಸುತ್ತಿ 'ಇನ್ನು ನೀನೇ ಅಧ್ಯಕ್ಷ' ಎನ್ನುತ್ತಾರೆ, ಅರ್ಜಿ ಹಾಕುವುದಿಲ್ಲ. ಹದಿನೈದು ವರ್ಷದ ಮೇಲೆ ಉತಾರ ತೆಗೆದರೆ ಏಳು ವಿಶ್ವಸ್ತರಲ್ಲಿ ಐವರು ತೀರಿಹೋಗಿರುತ್ತಾರೆ. ಬ್ಯಾಂಕು ಸಹಿ ಬದಲಿಸಲು ಅದೇ ಉತಾರ ಕೇಳುತ್ತದೆ. ಖಾತೆಯಲ್ಲಿ ಹಣವಿದ್ದೂ ತೆಗೆಯಲು ಬಾರದು. ಎರಡು ಗುಂಪಾದರಂತೂ ಇಬ್ಬರೂ ತಾವೇ ನಿಜವಾದ ಮಂಡಳಿ ಎಂದು ಬೇರೆ ಬೇರೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುತ್ತಾರೆ.

ಜಾಗದ ವಿಷಯ ಇನ್ನೂ ನಾಜೂಕು. ಐವತ್ತು ವರ್ಷದ ಹಿಂದೆ ಒಬ್ಬ ಪುಣ್ಯಾತ್ಮರು ವಾಚನಾಲಯಕ್ಕೆಂದು ಜಾಗ ಕೊಟ್ಟಿರುತ್ತಾರೆ, ಬಾಯಿಮಾತಿನಲ್ಲಿ. ಹೊಲವಾದರೆ ಸಾತ್‌ಬಾರಾ ಉತಾರ, ಊರೊಳಗಿನ ಜಾಗವಾದರೆ ಗ್ರಾಮ ಪಂಚಾಯ್ತಿಯ ನಮುನಾ 8 ತೆಗೆದು ಹೆಸರು ನೋಡಿ. ಸಂಸ್ಥೆಯ ಹೆಸರಿದೆಯೋ, ದಾನಿಯ ಮೊಮ್ಮಕ್ಕಳ ಹೆಸರಿದೆಯೋ? ಅದೇ ಜಾಗ ಶೆಡ್ಯೂಲ್-1ರಲ್ಲೂ ಇರಬೇಕು. ರಸ್ತೆ ಅಗಲವಾಗಿ ಜಾಗದ ಬೆಲೆ ಏರಿದ ದಿನ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ, ಆಗ ತಡವಾಗಿರುತ್ತದೆ. ಟ್ರಸ್ಟಿನ ಸ್ಥಿರಾಸ್ತಿ ಮಾರಲು, ದಾನ ಕೊಡಲು, ಹೊಲವನ್ನು 10 ವರ್ಷಕ್ಕಿಂತ, ಕಟ್ಟಡ ಅಥವಾ ಬಿನಶೇತಿ ಜಾಗವನ್ನು 3 ವರ್ಷಕ್ಕಿಂತ ಹೆಚ್ಚು ಅವಧಿಗೆ ಲೀಜಿಗೆ ಕೊಡಲು ಸೆಕ್ಷನ್ 36ರಂತೆ ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ವಿಶ್ವಸ್ತರೆಲ್ಲ ಒಪ್ಪಿ ಸಹಿ ಹಾಕಿದ್ದೇವೆ ಎಂದರೆ ಸಾಲದು. ಟ್ರಸ್ಟಿನ ಪರವಾಗಿ ಸಾಲ ಎತ್ತುವುದಕ್ಕೂ ಅನುಮತಿ ಬೇಕು. ವಿಶ್ವಸ್ತರು ಟ್ರಸ್ಟಿನ ಹಣವನ್ನು ಸ್ವಂತಕ್ಕೆ ಸಾಲವಾಗಿ ತೆಗೆದುಕೊಳ್ಳುವಂತೆಯೇ ಇಲ್ಲ.

ಕೇಳುವುದು ಹೇಗೆ

ಮೊದಲು ಓಣಿಯಲ್ಲೇ ಕೇಳಬೇಕು. "ಕಾಕಾ, ಹೋದ ವರ್ಷದ ಆಡಿಟ್ ರಿಪೋರ್ಟ್ ಒಂದೀಟು ನೋಡಾಕ ಕೊಡ್ರಿ" ಎಂದರೆ ಬಹಳ ಮಂದಿ ಕೊಡುತ್ತಾರೆ. ಕೊಡಲು ಹಿಂಜರಿಯುವವರಲ್ಲಿಯೂ ತಪ್ಪು ಮಾಡಿದವರಿಗಿಂತ ಆಡಿಟ್ಟನ್ನೇ ಮಾಡಿಸದವರು ಹೆಚ್ಚು. ಅಂಥಲ್ಲಿ ಜಗಳಕ್ಕಿಂತ ಸಿಎ ಹತ್ತಿರ ಜೊತೆಗೆ ಹೋಗಿ ಬಾಕಿ ವರ್ಷಗಳ ಲೆಕ್ಕ ಮುಗಿಸಿಕೊಡುವುದು ಫಲ ಕೊಡುತ್ತದೆ. ದಾಸೋಹದ ಮರುವಾರವೇ ಜಮಾ-ಖರ್ಚು ಬರೆದು ಗುಡಿಯ ಗೋಡೆಗೆ ಹಚ್ಚುವ ಪದ್ಧತಿ ಕೆಲವು ಊರುಗಳಲ್ಲಿ ಉಳಿದಿದೆ. ಮರಾಠಿಯ ಜೊತೆ ಕನ್ನಡದಲ್ಲೂ ಹಚ್ಚಿದರೆ ಮುದುಕರೂ ಓದಿ ಹೇಳುತ್ತಾರೆ, 'ನನ್ನ ಎರಡು ಚೀಲ ಜೋಳ ಎಲ್ಲಿ ಬರೆದೀರಿ' ಎಂದು.

ಓಣಿಯಲ್ಲಿ ಬಗೆಹರಿಯದಿದ್ದರೆ ಧರ್ಮಾದಾಯ ಕಚೇರಿಯಲ್ಲಿ ಶೆಡ್ಯೂಲ್-1 ಮತ್ತು ಸಲ್ಲಿಸಿದ ಆಡಿಟ್ ವರದಿಗಳ ನಕ್ಕಲಿಗೆ ಅರ್ಜಿ ಹಾಕಬಹುದು. ಇಲಾಖೆಯ ಜಾಲತಾಣದಲ್ಲಿಯೂ ಟ್ರಸ್ಟನ್ನು ಹುಡುಕುವ ಸೌಲಭ್ಯವಿದೆ. ಲೆಕ್ಕ, ಪುಸ್ತಕ ತಪಾಸಣೆ ಮಾಡುವ ಅಧಿಕಾರ ಸೆಕ್ಷನ್ 37ರಲ್ಲಿ, ವಿಶ್ವಸ್ತರಿಗೆ ನಿರ್ದೇಶನ ಕೊಡುವ ಅಧಿಕಾರ 41ಎಯಲ್ಲಿ ಕಚೇರಿಗೆ ಇದೆ. ಮತ್ತೆ ಮತ್ತೆ ಲೆಕ್ಕ ಒಪ್ಪಿಸದವರನ್ನು, ಹಣ ದುರುಪಯೋಗ ಮಾಡಿದವರನ್ನು 41ಡಿ ಪ್ರಕಾರ ಅಮಾನತು ಮಾಡಬಹುದು, ತೆಗೆದೂ ಹಾಕಬಹುದು. ಅದಕ್ಕೂ ಮುಂದಿನ ಮೆಟ್ಟಿಲು ಸೆಕ್ಷನ್ 50ರ ದಾವೆ. ಟ್ರಸ್ಟಿನಲ್ಲಿ ಹಿತಸಂಬಂಧವುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ, ಆಯುಕ್ತರ ಒಪ್ಪಿಗೆ ಪಡೆದು ಹಾಕಬೇಕು, ಒಬ್ಬರೇ ಹಾಕಲು ಬರುವುದಿಲ್ಲ.

ಅರ್ಜಿ ಮರಾಠಿಯಲ್ಲಿರಲಿ. ಹೆಸರು, ಊರು, ತಾಲೂಕು ಬರೆದು, ಎಲ್ಲಕ್ಕಿಂತ ಮೇಲೆ ಪಾವತಿಯಲ್ಲಿರುವ ನೋಂದಣಿ ಸಂಖ್ಯೆ ಹಾಕಿ. ಒಂದೇ ದೇವರ ಹೆಸರಿನ ಟ್ರಸ್ಟುಗಳು ಜಿಲ್ಲೆಯಲ್ಲಿ ಹತ್ತಾರಿರುವುದರಿಂದ, ಸಂಖ್ಯೆ ಇಲ್ಲದ ಅರ್ಜಿಗೆ ಫೈಲು ಹುಡುಕುವಷ್ಟರಲ್ಲಿ ಮುಂದಿನ ಜಾತ್ರೆ ಬಂದಿರುತ್ತದೆ.